ಬಲಕ್ಕೆ ಬಿದ್ದ ಹೂವು

ಆವತ್ತು ಹೂವು ತಾನಾಗಿ ಬಿತ್ತೋ, ಯಾರಾದರೂ ಬೀಳುವಂತೆ ಮಾಡಿದರೋ ನನಗೆ ಗೊತ್ತಿಲ್ಲ. ಬಹಳ ದಿನ ಗೊತ್ತಿದೆ ಎಂದುಕೊಂಡಿದ್ದೆ. ರಾರಾವಿಯ ಹೊಲಗಳ ನಡುವಿನ ಆ ಸಣ್ಣ ಗುಡಿಯಲ್ಲಿ ನಾನು ಎಲ್ಲಿ ನಿಂತಿದ್ದೆ, ದೀಪ ಯಾವ ಮಗ್ಗುಲಿಗಿತ್ತು, ಅತ್ತೆ ಯಾವಾಗ ಮುಂದೆ ಬಂದು ಬತ್ತಿ ಏರಿಸಿದಳು, ಎಲ್ಲವೂ ಕಣ್ಣ ಮುಂದಿದೆ. ಆದರೆ ಅತ್ತೆಯ ನೆನಪಿನಲ್ಲಿ ಅವಳು ಮುಂದೆ ಬಂದೇ ಇಲ್ಲ. ಮಾವನ ನೆನಪಿನಲ್ಲಿ ದೀಪ ಉರಿಯುತ್ತಲೇ ಇರಲಿಲ್ಲ. ಮೂವರೂ ಒಂದೇ ಹೊತ್ತಿನಲ್ಲಿ ಅಲ್ಲಿದ್ದೆವು ಎನ್ನುವುದನ್ನು ಮಾತ್ರ ಮೂವರೂ ಒಪ್ಪುತ್ತೇವೆ.

ಬೇರೆಯವರಾಗಿದ್ದರೆ ಇದನ್ನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ನನ್ನ ಕೆಲಸ ಅಂಥದ್ದು. ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ಬಾಯಿಯ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸುವವನು ನಾನು. ಗಡ್ಡೆ ಹೇಗೆ ದಪ್ಪವಾಗುತ್ತದೆ ಎನ್ನುವುದಕ್ಕಿಂತ ಹೇಗೆ ನುಗ್ಗುತ್ತದೆ ಎನ್ನುವುದು ನಮ್ಮ ವಿಭಾಗದ ಪ್ರಶ್ನೆ. ಇದ್ದಲ್ಲೇ ಇರುವ ಗಡ್ಡೆಯನ್ನು ಕತ್ತರಿಸಿ ತೆಗೆಯಬಹುದು. ಪಕ್ಕದ ಮಾಂಸದೊಳಗೆ, ನರದ ಗುಂಟ, ಎಲುಬಿನ ಕಡೆಗೆ ದಾರಿ ಮಾಡಿಕೊಂಡು ಹೋಗುವುದು ಕೊಲ್ಲುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕಿನಿಂದ ಜೀವಕೋಶಗಳನ್ನು ಬೇರ್ಪಡಿಸುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಹಾಳೆಯ ಮೇಲೆ ಲೋಳೆಯಂಥ ಪದರ ಹಚ್ಚಿ, ಅದರ ಮೇಲೆ ಅವನ್ನು ಬಿಡುತ್ತೇವೆ. ಹಾಳೆಯ ಕೆಳಗೆ ಅವುಗಳ ಆಹಾರ ಇರುತ್ತದೆ. ಕೆಲವು ಮೇಲೆಯೇ ಉಳಿಯುತ್ತವೆ, ಕೆಲವು ಲೋಳೆಯನ್ನು ಕರಗಿಸಿಕೊಂಡು ಕೆಳಗಿಳಿಯುತ್ತವೆ. ಇಳಿದವನ್ನು ಎಣಿಸುತ್ತೇವೆ.

ಯಾವ ಬಟ್ಟಲಿಗೆ ಔಷಧ ಹಾಕಿದೆ, ಯಾವುದಕ್ಕೆ ಹಾಕಿಲ್ಲ ಎನ್ನುವುದು ಎಣಿಸುವವನಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದಷ್ಟನ್ನೇ ಎಣಿಸುತ್ತದೆ. ಇದನ್ನು ನನಗೆ ಕಲಿಸಿದವರು ನಮ್ಮ ವಿಭಾಗದ ಹಿರಿಯ ಮೇಡಂ. ಸೂಕ್ಷ್ಮದರ್ಶಕದ ಮುಂದೆ ಕೂತ ಕೂಡಲೇ ಅವರು ಹೇಳುವ ಮಾತು ಒಂದೇ: "ಯಾರದು, ಏನು ಅಂತ ಹೇಳಬೇಡಿ. ಗಾಜು ಮಾತ್ರ ಕೊಡಿ."

ನಮ್ಮ ಊರಿನ ಬೇಸಿಗೆಯಲ್ಲಿ ಜೀವಕೋಶ ಬೆಳೆಸುವ ಪೆಟ್ಟಿಗೆಯ ಒಳಗಿಗಿಂತ ಹೊರಗೇ ಕಾವು ಹೆಚ್ಚು. ಕರೆಂಟು ಹೋದರೆ ಬೇರೆ ಊರಿನವರು ಪೆಟ್ಟಿಗೆ ತಣ್ಣಗಾಗುತ್ತದೆಂದು ಹೆದರುತ್ತಾರೆ, ನಾವು ಬಿಸಿಯಾಗುತ್ತದೆಂದು ಹೆದರುತ್ತೇವೆ. ಅಂಥ ಒಂದು ಬೇಸಿಗೆ ಶುರುವಾಗುವ ಮೊದಲು, ಒಣಮೆಣಸಿನಕಾಯಿ ಮಾರಾಟಕ್ಕೆ ಬರುವ ದಿನಗಳಲ್ಲಿ ಮಾವನ ವಿಷಯ ತಿಳಿಯಿತು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಕುರುಗೋಡಿನಲ್ಲಿ ಮನೆ. ತಾನೂ ಒಂದಿಷ್ಟು ಮೆಣಸಿನಕಾಯಿ ಬೆಳೆಯುತ್ತಾನೆ, ಆದರೆ ಸುತ್ತಲಿನವರು ಅವನನ್ನು ಕರೆಯುವುದು ತಮ್ಮ ಮಾಲು ನೋಡುವುದಕ್ಕೆ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಕಾಯಿ ತೆಗೆಯುತ್ತಾನೆ. ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸದ್ದು ಕೇಳುತ್ತಾನೆ. ಮುರಿದು ಮೂಸುತ್ತಾನೆ. ಕೊನೆಗೆ ಒಂದು ಚೂರು ನಾಲಗೆಯ ಮೇಲಿಟ್ಟುಕೊಂಡು, ಏನೋ ಕೇಳಿಸಿಕೊಳ್ಳುವವನಂತೆ ಸುಮ್ಮನೆ ನಿಲ್ಲುತ್ತಾನೆ. ಆ ನಾಲಗೆಯ ಬಗ್ಗೆ ಅವನಿಗೆ ಜಂಬವಿತ್ತು. ಅದೇ ಬಾಯಲ್ಲಿ, ಎಡಗೆನ್ನೆಯ ಒಳಗೆ, ಸುಣ್ಣ ಹಾಕಿ ತಿಕ್ಕಿದ ತಂಬಾಕು ಬೆಳಗಿನಿಂದಲೇ ಇರುತ್ತಿತ್ತು. ಬಿಡು ಎಂದು ನಾನು ಹೇಳಿದರೆ, "ನಿಮ್ಮ ಲ್ಯಾಬಿನ್ಯಾಗ ಇಲಿ ಅದಾವಲ್ಲ, ಅವಕ್ಕ ಹೇಳು ಹೋಗು" ಎನ್ನುತ್ತಿದ್ದ.

ನನಗೆ ನೆನಪಿರುವುದು ಹೀಗೆ. ಕುರುಗೋಡಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಾವಿಬ್ಬರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು. ಮಾವ ಒಗ್ಗರಣೆಯನ್ನು ಬಲಗಡೆಯ ಹಲ್ಲಿನಿಂದಲೇ ಅಗಿದು ತಿಂದು, ತನ್ನ ಮಿರ್ಚಿಗಳನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ.

"ಯಾಕ ಮಾವ, ಮಿರ್ಚಿ ಬ್ಯಾಡೇನು?"

"ಖಾರ ಬಿಟ್ಟೀನಿ."

"ನೀನು?"

"ಹರಕಿ ಐತಿ."

ಮೆಣಸಿನಕಾಯಿ ನೋಡುವ ಮನುಷ್ಯ ಖಾರ ಬಿಡುವ ಹರಕೆ ಹೊತ್ತಿದ್ದಾನೆಂದರೆ ಓಣಿಯವರು ನಂಬಬಹುದು. ಖಾರ ತಡೆಯದಿರುವುದು, ಬಾಯಿ ಪೂರಾ ತೆರೆಯಲಾಗದಿರುವುದು, ಒಂದೇ ಕಡೆ ಅಗಿಯುವುದು, ಇವು ನಮ್ಮಲ್ಲಿಗೆ ಬರುವ ರೋಗಿಗಳು ಮೊದಲು ಹೇಳುವ ಮಾತುಗಳು. ಅಲ್ಲೇ ಬಾಯಿ ತೆರೆಸಿ ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಎಡಗೆನ್ನೆಯ ಒಳಗೆ ಬಿಳಿ ತೇಪೆ, ಅದರ ನಡುವೆ ಅಂಚು ಎದ್ದ ಹುಣ್ಣು.

ಅತ್ತೆ, ಅಂದರೆ ಮಾವನ ಹೆಂಡತಿ, ಹೇಳುವುದೇ ಬೇರೆ. ಅದಕ್ಕೂ ಮೊದಲೇ ಅವಳು ನನಗೆ ಫೋನ್ ಮಾಡಿ, "ನಿಮ್ಮ ಮಾವ ಚಟ್ನಿ ಮುಟ್ಟವಲ್ರು, ಒಂದೀಟು ಬಾಯಿ ನೋಡು ಬಾ" ಎಂದಿದ್ದಳಂತೆ. ನಾನು ಕುರುಗೋಡಿಗೆ ಬಂದದ್ದೇ ಅದಕ್ಕಂತೆ. ಇರಬಹುದು. ನಾನೇ ಮೊದಲು ಕಂಡುಹಿಡಿದೆ ಎನ್ನುವ ಕಥೆ ನನಗೆ ಹಿತವಾಗಿದೆ. ಹಿತವಾದ ನೆನಪುಗಳ ಮೇಲೆಯೇ ನನಗೆ ಈಗ ಹೆಚ್ಚು ಅನುಮಾನ.

ಬಳ್ಳಾರಿಯಲ್ಲಿ ಹುಣ್ಣಿನ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದು ಬಂತು. ಸ್ಕ್ಯಾನ್ ಆಯಿತು. ಡಾಕ್ಟರು ಆ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಹುಣ್ಣಿನ ಜಾಗಕ್ಕೆ ಪೆನ್ನಿನ ತುದಿ ಇಟ್ಟರು. ಮಾವ ಅದನ್ನು ನೋಡಿ ನನ್ನ ಕಡೆ ತಿರುಗಿದ.

"ಹುಣ್ಣು ಎಡಕ್ಕೈತಿ. ಇಲ್ಲಿ ಬಲಕ್ಕ ತೋರಸ್ತಾರಲ್ಲ?"

"ಚಿತ್ರದಾಗಿನ ಮನುಷ್ಯ ನಮ್ಮ ಕಡೆ ಮುಖ ಮಾಡ್ಯಾನ ಮಾವ. ಅವನ ಎಡ, ನಮ್ಮ ಬಲ."

"ಗುಡಿಯಾಗ ಅಮ್ಮನ ಮುಂದ ನಿಂತಂಗ," ಎಂದು ಮಾವ ತಲೆಯಾಡಿಸಿದ.

ಹುಣ್ಣಿಗೂ ದವಡೆಯ ಎಲುಬಿಗೂ ನಡುವೆ ಇನ್ನೂ ಸ್ವಲ್ಪ ಜಾಗವಿತ್ತು. ಅದನ್ನು ಡಾಕ್ಟರು ಎರಡೆರಡು ಸಲ ತೋರಿಸಿದರು. ಆಮೇಲೆ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಕೆಲವರಿಗೆ ನೇರವಾಗಿ ಶಸ್ತ್ರಚಿಕಿತ್ಸೆ. ಕೆಲವರಿಗೆ ಮೊದಲು ಔಷಧ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ. ನಾನು ಸಂಬಂಧಿಕನಾದ್ದರಿಂದ ಈ ಮಾತುಕತೆಯಲ್ಲಿ ಬಾಯಿ ಹಾಕುವಂತಿರಲಿಲ್ಲ. ಮೂಲೆಯಲ್ಲಿ ನಿಂತು ಕೇಳಿದೆ.

"ಎರಡರಾಗ ಯಾವುದು ಚಲೋ, ಸಾರ್?" ಮಾವ ಕೇಳಿದ.

"ಅದು ನಮಗೂ ಗೊತ್ತಿಲ್ಲ ಯಜಮಾನ್ರೇ. ಅದನ್ನ ತಿಳ್ಕೊಳ್ಳೋಕೇ ಈ ಅಧ್ಯಯನ."

"ಮತ್ತ ನನಗ ಯಾವುದು ಅಂತ ಯಾರು ಹೇಳ್ತಾರ?"

"ಕಂಪ್ಯೂಟರ್ ಹೇಳುತ್ತೆ."

"ಅದಕ್ಕ ಗೊತ್ತೈತೇನು?"

"ಅದಕ್ಕೂ ಗೊತ್ತಿಲ್ಲ. ಅದಕ್ಕೇ ಅದರ ಕೈಗೆ ಕೊಟ್ಟಿದೀವಿ. ನಾವು ಆರಿಸಿದ್ರೆ ನಮ್ಮ ಮನಸ್ಸಿನಲ್ಲಿರೋದು ಸೇರಿಬಿಡುತ್ತೆ."

ಇಷ್ಟು ನೇರವಾಗಿ ಆ ವಿಷಯವನ್ನು ಹೇಳಿದವರನ್ನು ನಾನು ಕಡಿಮೆ ಕಂಡಿದ್ದೇನೆ. ಸೇರಲೇಬೇಕೆಂದಿಲ್ಲ, ಸೇರದಿದ್ದರೂ ಚಿಕಿತ್ಸೆಯಲ್ಲಿ ಕೊರತೆ ಇಲ್ಲ ಎಂದೂ ಡಾಕ್ಟರು ಹೇಳಿದರು. "ತಡ ಮಾತ್ರ ಮಾಡಬೇಡಿ. ಎಲುಬಿಗೆ ಹೋದ್ರೆ ದವಡೆಯನ್ನೂ ತೆಗೀಬೇಕಾಗುತ್ತೆ. ಅದಕ್ಕಿಂತ ಮುಂದಕ್ಕೆ ಹೋದ್ರೆ ನಮ್ಮ ಕೈಯಲ್ಲಿ ಇರಲ್ಲ."

ಹೊರಗೆ ಬಂದ ಮೇಲೆ ಮಾವ ಬೇವಿನ ಮರದ ಕಟ್ಟೆಯ ಮೇಲೆ ಕೂತ. ನಾನು ಅವನ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದೆ.

"ಕುಂದ್ರಲೇ ಅಳಿಯಾ. ನಿನ್ನ ಕಾಲಾಗ ಚಕ್ರ ಅದಾವೇನು?"

"ಏನ್ ಮಾಡ್ತಿ ಹೇಳು."

"ಡಾಕ್ಟರಿಗೂ ಗೊತ್ತಿಲ್ಲ, ಕಂಪ್ಯೂಟರಿಗೂ ಗೊತ್ತಿಲ್ಲ. ಗೊತ್ತಿರೋರ ಹತ್ರ ಕೇಳ್ತೀನಿ. ಅಮಾಸಿಗೆ ರಾರಾವಿಗೆ ಹೋಗಿ ಹೂವು ಕೇಳ್ತೀನಿ."

ರಾರಾವಿಯಲ್ಲಿ ನಮ್ಮ ತಾಯಿಯ ಕಡೆಯವರ ಮನೆದೇವರು, ಒಬ್ಬ ಅಮ್ಮ. ಮದುವೆ, ಬಾವಿ ತೋಡುವುದು, ಹೊಲ ಮಾರುವುದು, ಯಾವುದಕ್ಕೂ ಅಲ್ಲಿ ಹೋಗಿ ಹೂವು ಕೇಳುವುದು ರೂಢಿ. ಪೂಜಾರಿ ಹೂಗಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವನು ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರುತ್ತಾನೆ. ಅಮ್ಮನ ಬಲಭುಜದ ಹೂವು ಮೊದಲು ಬಿದ್ದರೆ ಹೌದು, ಎಡಭುಜದ್ದು ಬಿದ್ದರೆ ಬೇಡ. ಒಮ್ಮೆ ಬೇಡ ಎಂದು ಬಂದರೆ ಆ ವಿಷಯವನ್ನು ಮತ್ತೆ ಎತ್ತುವಂತಿಲ್ಲ.

"ಏನಂತ ಕೇಳ್ತಿ?"

"ಕೊಯ್ಸಿಕೊಳ್ಳಲಾ ಬ್ಯಾಡಾ ಅಂತ."

"ಎಡಕ್ಕ ಬಿದ್ರ?"

"ಬಿದ್ರ ಏನೈತಿ. ಪಕ್ಕದ ಊರಾಗ ಸೊಪ್ಪಿನ ರಸ ಕೊಡೋನು ಒಬ್ಬ ಅದಾನ. ಅಲ್ಲಿಗೆ ಹೋಗ್ತೀನಿ."

ಅವನು ಇದನ್ನು ಹೇಳಿದ ರೀತಿಯಲ್ಲಿ ಬೆದರಿಕೆ ಇರಲಿಲ್ಲ, ಹಟವೂ ಇರಲಿಲ್ಲ. ಎಡಕ್ಕೆ ಬಿದ್ದರೆ ಮಾವ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಪಕ್ಕದಲ್ಲಿ ನಿಂತಿದ್ದ ಅತ್ತೆಗೂ ಗೊತ್ತಿತ್ತು. ಅಂಥವರ ಗಡ್ಡೆಗಳು ತಡವಾಗಿ ನಮ್ಮ ಕಡೆ ಬಂದಾಗ ಹೇಗಿರುತ್ತವೆ ಎನ್ನುವುದು ನನಗೆ ಮಾತ್ರ ಗೊತ್ತಿತ್ತು.

ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ನಾನು ಬಿಡುವಾದಾಗಲೆಲ್ಲ ಕುರುಗೋಡಿಗೆ ಬಸ್ಸು ಹತ್ತುತ್ತಿದ್ದೆ. ಊರ ಹೊರಗಿನ ಕಣದಲ್ಲಿ ಮೆಣಸಿನಕಾಯಿ ಹರವಿರುತ್ತಿತ್ತು. ಗಾಳಿ ಬೀಸಿದರೆ ಎಲ್ಲರೂ ಕೆಮ್ಮುತ್ತಿದ್ದರು, ಮಾವ ಮಾತ್ರ ಬಾಯಿಗೆ ಟವೆಲ್ ಒತ್ತಿಕೊಂಡು ದೂರ ಹೋಗುತ್ತಿದ್ದ. ಒಂದು ಸಂಜೆ ಅವನಿಗೆ ಗಡ್ಡೆ ನುಗ್ಗುವುದನ್ನು ಬಿಡಿಸಿ ಹೇಳಲು ನೋಡಿದೆ. ಕಣ್ಣಿಗೆ ಕಾಣುವ ಹುಣ್ಣು ಚಿಕ್ಕದಿರಬಹುದು, ಅದರ ಅಂಚಿನಿಂದ ಒಂದೊಂದೇ ಜೀವಕೋಶ ಕಳಚಿಕೊಂಡು ಮುಂದೆ ಹೋಗಿರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ ಎಂದೆ.

"ಗದ್ದಿ ಬದುವಿಗೆ ಏಡಿ ತೂತು ಹಾಕಿದಂಗ ಅನ್ನು. ಮ್ಯಾಲ ಬದು ಚಲೋ ಇರತೈತಿ, ಒಳಗ ನೀರು ಹೊಂಟಿರತೈತಿ."

"ಹಂಗೇ. ಮತ್ತ ತೂತು ಕಂಡ ಕೂಡಲೇ ಏನ್ ಮಾಡ್ತಿ? ಹೂವು ಕೇಳ್ತೀಯೇನು?"

"ಬದು ನನ್ನ ಮಾರಿಯಾಗ ಇಲ್ಲಲೇ," ಎಂದು ಮಾವ ತನ್ನ ಮುಖ ಸವರಿಕೊಂಡ.

ಅತ್ತೆ ಕಾಯಿ ತಿರುವಿ ಹಾಕುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅವರ ಜೊತಿ ಯಾಕ ವಾದ ಮಾಡ್ತಿ. ಮದುವಿಗೂ ಹೂವು ಕೇಳಿ ಮಾಡಿಕೊಂಡ ಮನುಷ್ಯ. ಬಲಕ್ಕ ಬಿದ್ದಿದ್ದಕ್ಕ ನಾ ಬಂದೀನಿ."

"ಆವತ್ತು ಗಾಳಿ ಭಾಳ ಇತ್ತು," ಎಂದ ಮಾವ.

ಅತ್ತೆ ಒಂದು ಕಾಯಿ ಎತ್ತಿ ಅವನ ಮೇಲೆ ಒಗೆದಳು. ಮಾವ ಅದನ್ನು ಹಿಡಿದು, ರೂಢಿಯಂತೆ ಕಿವಿಗೆ ಹಿಡಿದು ಅಲುಗಾಡಿಸಿದ, ಮುರಿದು ಮೂಸಿದ, ಬಾಯಿಯ ಹತ್ತಿರ ಒಯ್ದು ಅಲ್ಲಿಗೇ ನಿಲ್ಲಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ಸಿರುಗುಪ್ಪಕ್ಕೆ ಬಂದೆವು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ರಸ್ತೆಯ ಮೇಲೆಲ್ಲ ಹಾರುತ್ತಿತ್ತು. ರಾರಾವಿ ದಾಟಿ ಆದೋನಿ ಕಡೆ ಹೋಗುವ ಬಸ್ಸಿಗೆ ಕಾಯುವಾಗ ಮಾವ ಎರಡು ಸಲ ಅಂಗಡಿಯ ಕಡೆ ಹೋಗಿ, ತಂಬಾಕಿನ ಚೀಟು ಕೊಳ್ಳದೆ ವಾಪಸು ಬಂದ. ಅದನ್ನು ನಾನು ನೋಡಿದೆ ಎಂದು ಬರೆಯುತ್ತಿದ್ದೇನೆ. ಇದೂ ಸರಿಯೋ ಏನೋ.

ಗುಡಿಗೆ ಬಗ್ಗಿ ಹೋಗುವಷ್ಟು ಬಾಗಿಲು. ಒಳಗೆ ಕುಂಕುಮ ಬಳಿದ ಕಲ್ಲು, ಅದಕ್ಕೆ ಬೆಳ್ಳಿಯ ಕಣ್ಣು. ಪೂಜಾರಿ ವಯಸ್ಸಾದವನು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದ. ಕಣಗಲ ಹೂಗಳನ್ನು ಚೊಂಬಿನಲ್ಲಿ ಅದ್ದಿ ಎರಡೂ ಭುಜಕ್ಕೆ ಒತ್ತಿದ. ಮಾವ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಹೊತ್ತು ಹೋಗುತ್ತಿತ್ತು, ಹೂ ಬೀಳಲಿಲ್ಲ. "ಅಮ್ಮ ನಿದಾನಂಗಾ ಇಸ್ತಾದಿ, ನಿಲ್ರಿ," ಎಂದ ಪೂಜಾರಿ. ಅಮ್ಮ ನಿಧಾನವಾಗಿ ಕೊಡುತ್ತಾಳೆ, ಕಾಯಿರಿ ಎಂದು.

ನನ್ನ ತಲೆ ಸುಮ್ಮನಿರುವ ಜಾತಿಯದಲ್ಲ. ಅಲ್ಲಿ ನಿಂತು ನಾನು ಲೆಕ್ಕ ಹಾಕಿದ್ದು ನೆನಪಿದೆ. ಹೂವನ್ನು ಹಿಡಿದಿರುವುದು ನೀರು. ನೀರು ಆರಿದ ಕಡೆಯ ಹೂವು ಮೊದಲು ಬೀಳುತ್ತದೆ. ದೀಪ ಇದ್ದದ್ದು ಅಮ್ಮನ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ. ದೀಪದ ಕಾವಿಗೆ ಬಲಭುಜ ಬೇಗ ಆರುತ್ತದೆ. ಹಾಗಾದರೆ ಈ ಅಮ್ಮ ಕೇಳಿದವರಿಗೆಲ್ಲ ಹೌದು ಎನ್ನುವುದೇ ಹೆಚ್ಚು. ಇಂಥ ಓರೆ ಇರುವ ಪ್ರಯೋಗವನ್ನು ನಾವು ಒಪ್ಪುವುದಿಲ್ಲ. ಆವತ್ತು ಮಾತ್ರ ಆ ಓರೆ ಇನ್ನಷ್ಟು ಇರಲಿ ಎಂದು ನನಗೆ ಅನಿಸಿತು.

ಆಗ ಎಡಭುಜದ ಹೂವು ಜಾರಿತು. ಒಂದು ಎಸಳು ಕಲ್ಲಿನಿಂದ ಬಿಟ್ಟು, ಉಳಿದದ್ದು ಅಂಟಿಕೊಂಡು ತೂಗಾಡಿತು. ಮಾವನ ಬೆನ್ನು ಬಿಗಿಯಾಯಿತು. ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಿಂದ ಮುಂದೆ ಹೋಗಿ, ದೀಪಕ್ಕೆ ಎಣ್ಣೆ ಹಾಕುವವಳಂತೆ ಬಗ್ಗಿ, ಬೆರಳಿನಿಂದ ಬತ್ತಿ ಏರಿಸಿದಳು. ಉರಿ ಎದ್ದಿತು. ಅವಳು ಹಿಂದೆ ಬಂದು ಸೆರಗು ಸರಿಪಡಿಸಿಕೊಂಡಳು. ಬಲಭುಜದ ಹೂವು ಕಲ್ಲನ್ನು ಬಿಟ್ಟು ಬಿತ್ತು. ಪೂಜಾರಿ ಗಂಟೆ ಬಾರಿಸಿದ. "ಆತು," ಎಂದ ಮಾವ.

ಅಧ್ಯಯನಕ್ಕೆ ಅವನು ಸೇರಲಿಲ್ಲ. "ಕೊಯ್ಸಿಕೋ ಅಂದಾಳ. ಔಷಧ ತಗೊಂಡು ಆಮ್ಯಾಲ ಕೊಯ್ಸಿಕೋ ಅಂದಿಲ್ಲ," ಎಂದು ಡಾಕ್ಟರಿಗೇ ಹೇಳಿದ. ಡಾಕ್ಟರು ತಲೆಯಾಡಿಸಿ, ಸಿಗುವ ಮೊದಲ ದಿನಕ್ಕೆ ಶಸ್ತ್ರಚಿಕಿತ್ಸೆ ಗೊತ್ತು ಮಾಡಿದರು. ನನಗೆ ಒಳಗೊಳಗೇ ಸಿಟ್ಟಿತ್ತು. ಎಲ್ಲರೂ ಹೀಗೆ ಹೂವು ಕೇಳಿ ಹೊರಟರೆ ಯಾವ ದಾರಿ ಒಳ್ಳೆಯದೆಂದು ಎಂದಿಗೂ ತಿಳಿಯುವುದಿಲ್ಲ. ಆದರೆ ಅವನು ಮೇಜಿನ ಮೇಲೆ ಮಲಗಲು ಒಪ್ಪಿದ್ದ. ಆ ಅಧ್ಯಯನ ಇನ್ನೂ ಮುಗಿದಿಲ್ಲ. ಎರಡರಲ್ಲಿ ಯಾವುದು ಒಳ್ಳೆಯದೆಂದು ಈಗಲೂ ಯಾರಿಗೂ ಗೊತ್ತಿಲ್ಲ. ತಡ ಮಾಡುವುದು ಎರಡಕ್ಕಿಂತಲೂ ಕೆಟ್ಟದ್ದು ಎನ್ನುವುದಷ್ಟೇ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಕೆನ್ನೆಯ ಒಳಭಾಗವನ್ನು ತೆಗೆದು, ಎದೆಯ ಚರ್ಮ ಮಾಂಸ ತಂದು ಅಲ್ಲಿ ಹೊಲಿದರು. ದವಡೆ ಉಳಿಯಿತು. ತೆಗೆದ ತುಣುಕಿನ ಹೊರಮೈಗೆ ನಮ್ಮ ವಿಭಾಗದಲ್ಲಿ ಮಸಿ ಹಚ್ಚುತ್ತಾರೆ. ಕತ್ತರಿಸಿ, ಮೇಣದಲ್ಲಿಟ್ಟು, ತೆಳ್ಳಗೆ ಹೆರೆದು, ಗಾಜಿನ ಮೇಲೆ ಬಣ್ಣ ಕಟ್ಟಿ ನೋಡುವಾಗ ಆ ಮಸಿ ಕಪ್ಪು ಗೆರೆಯಾಗಿ ಕಾಣುತ್ತದೆ. ಗಡ್ಡೆಯ ಜೀವಕೋಶಗಳು ಆ ಗೆರೆಯನ್ನು ಮುಟ್ಟಿದ್ದರೆ ಒಂದಿಷ್ಟು ಮಾವನ ಬಾಯಲ್ಲೇ ಉಳಿದಿದೆ ಎಂದರ್ಥ. ಮುಟ್ಟಿಲ್ಲದಿದ್ದರೆ ಪೂರಾ ಬಂದಿದೆ ಎಂದರ್ಥ; ಅದಕ್ಕೆ ನಾವು ಅಂಚು ಬಿಟ್ಟಿದೆ ಎನ್ನುತ್ತೇವೆ. ಮಾವನ ತುಣುಕನ್ನು ನಾನು ಮುಟ್ಟಲಿಲ್ಲ, ಬೇರೆಯವರು ನೋಡಿದರು. ವರದಿ ಬಂದ ದಿನ ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ನಿಂತು ನಾನೇ ಅದನ್ನು ಅತ್ತೆಗೆ ಓದಿ ಹೇಳಿದೆ: ಎಲ್ಲ ಅಂಚುಗಳೂ ಬಿಟ್ಟಿವೆ, ಎಲುಬಿನ ಕಡೆಯದೂ ಬಿಟ್ಟಿದೆ, ಕುತ್ತಿಗೆಯ ಗಂಟುಗಳಲ್ಲಿ ಏನೂ ಇಲ್ಲ. ವಿಕಿರಣದ ಚಿಕಿತ್ಸೆ ಬೇಡ ಎಂದು ಡಾಕ್ಟರು ಹೇಳಿದರು. ಅತ್ತೆ ಬೆಂಚಿನ ಮೇಲೆ ಕೂತು, ಬಹಳ ಹೊತ್ತು ಚೀಲದಲ್ಲಿ ಏನನ್ನೋ ಹುಡುಕಿದಳು.

ಮುಂದಿನ ವರ್ಷದ ಮೆಣಸಿನಕಾಯಿಯ ಹೊತ್ತಿಗೆ ಮಾವ ಮತ್ತೆ ಚೀಲಗಳಿಗೆ ಕೈ ಹಾಕತೊಡಗಿದ. ಮಾತು ಸ್ವಲ್ಪ ತೊದಲುತ್ತದೆ. ಅಲುಗಾಡಿಸಿ ಕೇಳುತ್ತಾನೆ, ಮೂಸುತ್ತಾನೆ. ಚೂರನ್ನು ಮಾತ್ರ ಅತ್ತೆಯ ಕೈಗೆ ಕೊಡುತ್ತಾನೆ. ಅವಳು ನಾಲಗೆಗೆ ಇಟ್ಟು ಹೇಳಿದ್ದನ್ನು ಅವನು ಗಿರಾಕಿಗೆ ಹೇಳುತ್ತಾನೆ, ತಾನೇ ರುಚಿ ನೋಡಿದಂತೆ. ಎದೆಯ ಚರ್ಮ ಹಾಕಿದ್ದರಿಂದ ಕೆನ್ನೆಯ ಒಳಗೆ ಕೂದಲು ಬೆಳೆಯುತ್ತವೆ. ಬಂದವರಿಗೆಲ್ಲ ಬಾಯಿ ತೆರೆದು ತೋರಿಸಿ, "ನಿಮಗೆಲ್ಲ ಮೀಸಿ ಹೊರಗ, ನನಗ ಒಳಗ," ಎನ್ನುತ್ತಾನೆ.

ಅಂಥ ಒಂದು ಮಧ್ಯಾಹ್ನ, ಊಟ ಮಾಡುತ್ತ, ಅತ್ತೆಯನ್ನು ಸ್ವಲ್ಪ ಕಾಡಿಸೋಣವೆಂದು ಹೇಳಿದೆ: "ಅತ್ತಿ, ಅಮ್ಮ ಬಲಕ್ಕ ಕೊಟ್ಟಳು ಅಂತ ಊರೆಲ್ಲ ಹೇಳ್ತೀರಿ. ಬತ್ತಿ ಏರಿಸಿದೋರು ಯಾರು ಅಂತ ನಾ ನೋಡೀನಿ."

"ಯಾವ ಬತ್ತಿ?"

"ದೀಪದ್ದು. ಎಡದ್ದು ಜಾರಿದ ಕೂಡಲೇ ಮುಂದ ಹೋಗಿ ಏರಿಸಿದ್ರಲ್ಲ."

"ಆ ಪೂಜಾರಿ ಹೆಂಗಸ್ರನ್ನ ಒಳಗ ಬಿಟ್ಟಾನೇನು? ನಾ ಬಾಗಿಲ ಹೊರಗ ನಿಂತಿದ್ದೆ, ನಿನ್ನ ಚೀಲ ಹಿಡಕೊಂಡು."

"ನಾ ಕಣ್ಣಾರೆ ನೋಡೀನಿ."

"ನೀನು?" ಅತ್ತೆ ಸಾರಿನ ಸೌಟು ಪಾತ್ರೆಯಲ್ಲಿಟ್ಟಳು. "ನೀ ಕಣ್ಣು ಮುಚ್ಚಿ ಕೈ ಮುಗಕೊಂಡು ನಿಂತಿದ್ದಿ. ಹೊರಗಿಂದ ನಿನ್ನೇ ನೋಡಾಕತ್ತಿದ್ದೆ. ಎಂದೂ ಗುಡಿಗೆ ಬರಲಾರದೋನು."

ನಾನು ಮಾವನ ಕಡೆ ನೋಡಿದೆ.

"ನಾನೂ ತಿರುಗಿ ನೋಡಿದೆ," ಎಂದ ಮಾವ. "ನಿನ್ನ ತುಟಿ ಅಲುಗಾಡಾಕತ್ತಿದ್ದುವು."

"ದೀಪ ಎಲ್ಲಿತ್ತು ಮಾವ?"

"ದೀಪ ಗಾಳಿಗೆ ಆರಿತ್ತಲೇ. ಕತ್ತಲಾಗ ಕುಂತಿದ್ದೆ. ಅದು ಚಲೋ ನೆನಪೈತಿ."

ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಮುಖದಲ್ಲಿ ಇದ್ದದ್ದು ನಗುವೋ ಅಲ್ಲವೋ ನಾನು ಹೇಳಲಾರೆ. ಇಂಥದ್ದನ್ನು ಹೇಳುವ ಧೈರ್ಯ ನನಗೆ ಈಗ ಕಡಿಮೆ.

ಸುಮ್ಮನಿರಲಾಗದೆ ಒಮ್ಮೆ ರಾರಾವಿಗೆ ಹೋಗಿ ಬಂದೆ. ಹೆಂಗಸರು ಒಳಗೆ ಬರಬಹುದೇ ಎಂದು ಪೂಜಾರಿಯನ್ನು ಕೇಳಿದೆ. ಕೆಲವು ದಿನ ಬರಬಹುದು, ಕೆಲವು ದಿನ ಬರಬಾರದು ಎಂದ. ದೀಪ ಯಾವಾಗಲೂ ಬಲಕ್ಕೇ ಇಡುತ್ತೀರಾ ಎಂದರೆ, ಗಾಳಿ ಯಾವ ಕಡೆ ಇಲ್ಲವೋ ಆ ಕಡೆ ಇಡುತ್ತೇನೆ ಎಂದ. ನಮ್ಮನ್ನು ಅವನಿಗೆ ನೆನಪಿರಲಿಲ್ಲ. ಎಷ್ಟೋ ಜನ ಬರುತ್ತಾರೆ.

ವಾಪಸು ಬರುವ ಬಸ್ಸಿನಲ್ಲಿ ನನ್ನನ್ನು ಬೇರೊಂದು ಯೋಚನೆ ಹಿಡಿಯಿತು. ನಾನು ನೋಡುತ್ತಿದ್ದೇನೆ ಎಂದುಕೊಂಡಾಗ ಕಣ್ಣು ಮುಚ್ಚಿದ್ದೆ ಎನ್ನುವುದಾದರೆ, ಆ ಕಣ್ಣು ಮತ್ತೇನನ್ನು ಸರಿಯಾಗಿ ನೋಡಿದೆ? ವಾರ್ಡಿನ ಹೊರಗೆ ನಾನು ಓದಿದ ವರದಿ. ಎಲುಬಿನ ಕಡೆಯ ಅಂಚು ಬಿಟ್ಟಿದೆ ಎಂದು ಓದಿದ್ದು ನೆನಪಿದೆ. ಆದರೆ ಎಡಭುಜದ ಎಸಳು ಜಾರಿದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ವರದಿಯ ಕಾಗದ ಆಸ್ಪತ್ರೆಯ ಕಡತದಲ್ಲಿತ್ತು. ಅದನ್ನು ತೆಗೆದು ಮತ್ತೆ ಓದಿದರೆ ನಾನು ಓದಿದ್ದು ಸರಿಯೇ ಎಂದು ತಿಳಿಯುತ್ತಿತ್ತು, ಅಷ್ಟೇ. ಅದನ್ನು ಬರೆದವರಿಗೆ ಅವನು ನನ್ನ ಮಾವ ಎಂದು ಗೊತ್ತಿತ್ತು. ನನಗಾಗಿ ಅವರೂ ಒಳ್ಳೆಯದನ್ನೇ ಬಯಸಿದ್ದರು. ಇಷ್ಟು ದೂರ ಅನುಮಾನ ಪಡುವುದು ಆರೋಗ್ಯದ ಲಕ್ಷಣವಲ್ಲ, ಗೊತ್ತು. ಆದರೆ ಮಾವನ ಬಾಯಲ್ಲಿ ಏನೂ ಉಳಿದಿಲ್ಲ ಎಂದು ನಾವು ಚಿಕಿತ್ಸೆ ನಿಲ್ಲಿಸಿದ್ದು ಆ ಒಂದು ಗೆರೆಯ ಮೇಲೆ.

ಮಾರನೆಯ ಬೆಳಿಗ್ಗೆ ಉಗ್ರಾಣದಿಂದ ಮಾವನ ಗಾಜುಗಳನ್ನು ತೆಗೆದೆ. ಸಂಖ್ಯೆಯ ಮೇಲೆ ಕಾಗದದ ಪಟ್ಟಿ ಅಂಟಿಸಿದೆ. ಬೇರೆ ರೋಗಿಗಳ ಗಾಜುಗಳನ್ನೂ, ಅಂಚು ಬಿಟ್ಟವು, ಬಿಡದಿದ್ದವು ಎರಡನ್ನೂ, ಅದೇ ರೀತಿ ಮುಚ್ಚಿ ಜೊತೆಗೆ ಬೆರೆಸಿದೆ. ಹಿರಿಯ ಮೇಡಂ ಹತ್ತಿರ ಒಯ್ದೆ. ಶಸ್ತ್ರಚಿಕಿತ್ಸೆ ಆದಾಗ ಅವರು ರಜೆಯಲ್ಲಿದ್ದರು, ಮಾವನ ವಿಷಯ ಅವರಿಗೆ ತಿಳಿದಿರಲಿಲ್ಲ. ಎಂದಿನಂತೆ ಅವರು ಏನೂ ಕೇಳಲಿಲ್ಲ. ಒಂದೊಂದಾಗಿ ಇಟ್ಟು ನೋಡುತ್ತ ಹೋದರು. ನಾನು ಅವರ ಬೆನ್ನ ಹಿಂದೆ, ಯಾವ ಗಾಜು ಇಟ್ಟರೂ ನನ್ನ ಮುಖ ಅವರಿಗೆ ಕಾಣದಂತೆ, ಕಿಟಕಿಯ ಕಡೆ ತಿರುಗಿ ನಿಂತಿದ್ದೆ.

"ಇದು ಮುಟ್ಟಿದೆ," ಎಂದರು ಒಂದಕ್ಕೆ. ಇನ್ನೊಂದಕ್ಕೂ ಹಾಗೇ. ಆಮೇಲೆ ಒಂದನ್ನು ಇಟ್ಟು, ಹೆಚ್ಚು ಹೊತ್ತು ತಿರುಗಿಸಿ ತಿರುಗಿಸಿ ನೋಡಿ, "ಇದು ಬಿಟ್ಟಿದೆ. ಎಲುಬಿನ ಕಡೆ ತೆಳ್ಳಗಿದೆ, ಆದರೆ ಚೆನ್ನಾಗಿ ಬಿಟ್ಟಿದೆ," ಎಂದು ಪಕ್ಕಕ್ಕೆ ಇಟ್ಟರು.

ಅವರು ಚಹಾಕ್ಕೆ ಎದ್ದು ಹೋದ ಮೇಲೆ ನಾನು ಪಟ್ಟಿ ಕಿತ್ತು ಸಂಖ್ಯೆ ನೋಡಿದೆ, ಕಡತದ ಸಂಖ್ಯೆಯ ಜೊತೆ ಹೋಲಿಸಿದೆ. ಬಿಟ್ಟಿದೆ ಎಂದು ಪಕ್ಕಕ್ಕೆ ಇಟ್ಟದ್ದು ಮಾವನದೇ, ಮುಟ್ಟಿದೆ ಎಂದವು ಬೇರೆಯವರವು. ಆಮೇಲೆ ನಾನೂ ಕೂತು ನೋಡಿದೆ. ಮಸಿಯ ಕಪ್ಪು ಗೆರೆಗೂ ಗಡ್ಡೆಯ ಕೊನೆಯ ಜೀವಕೋಶಗಳಿಗೂ ನಡುವೆ, ಸುತ್ತಲೂ, ಎಲುಬಿನ ಕಡೆಯಲ್ಲೂ, ಆರೋಗ್ಯವಾದ ಮಾಂಸವಿತ್ತು.